ಮುಟ್ಟುಗೋಲು: ಒಂದು ಪದದ ಅರ್ಥವಿಚಾರ

ಮಹಾನಗರದ ಜೀವನವು ಸಹಿಗಳ ಜೀವನವೆಂದರೆ ಅತಿಶಯೋಕ್ತಿಯಾಗಲಾರದು. ಊರಿನಲ್ಲಿ ಬಾಯಿಮಾತಿನಿಂದಲೇ ನಡೆದುಹೋಗುವ ಅನೇಕ ವ್ಯವಹಾರಗಳು ಮುಂಬಯಿಯಲ್ಲಿ ಛಾಪಾ ಕಾಗದದ ಮೇಲೆ ನಡೆಯುತ್ತವೆ. ಪವಾಯಿಯಲ್ಲಾಗಲಿ, ಚಾಂದಿವಲಿ, ಸಾಕಿನಾಕಾ, ವಿಕ್ರೋಲಿಗಳಲ್ಲಾಗಲಿ ನೆಲೆಸಬಂದ ಕನ್ನಡಿಗನು ಮನೆಯನ್ನು ಬಾಡಿಗೆಗೆ ಹಿಡಿಯುವಾಗ, ಫ್ಲ್ಯಾಟನ್ನು ಕಾದಿರಿಸುವಾಗ, ಒಡವೆಯನ್ನು ಗಿರವಿ ಇಡುವಾಗ, ವಿಮೆಯ ಪತ್ರವನ್ನು ಪಡೆಯುವಾಗ ಒಂದೊಂದು ಕರಾರಿಗೆ ಸಹಿ ಹಾಕುತ್ತಾನೆ. ಆ ಕರಾರುಗಳ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರಗಳ ನಡುವೆ, ಒಂದು ಇಂಗ್ಲಿಷ್ ಪದವು ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದು ‘ಫಾರ್ಫಿಟ್’ ಎಂಬುದು. ಷರತ್ತು ಮುರಿದರೆ ಠೇವಣಿ ಫಾರ್ಫಿಟ್; ಗಡುವು ಮೀರಿದರೆ ಮುಂಗಡ ಫಾರ್ಫಿಟ್.

ಈ ಪದಕ್ಕೆ ಕನ್ನಡವೇನು? ನಿಘಂಟನ್ನು ತೆರೆದರೆ ‘ಮುಟ್ಟುಗೋಲು’, ‘ಜಪ್ತಿ’, ‘ದಂಡವಾಗಿ ತೆರು’, ‘ಕಳೆದುಕೊಳ್ಳು’ ಎಂಬ ಹಲವು ಅರ್ಥಗಳು ಸಾಲಾಗಿ ದೊರೆಯುತ್ತವೆ. ಇವೆಲ್ಲವೂ ಒಂದೇ ಅಲ್ಲ. ಇವುಗಳ ನಡುವಣ ವ್ಯತ್ಯಾಸವನ್ನು ಅರಿಯುವುದು ಬರಿಯ ಪಾಂಡಿತ್ಯದ ವಿಷಯವೂ ಅಲ್ಲ. ಕೈಬಿಟ್ಟ ವಸ್ತು ಮರಳಿ ಬರುವುದೋ ಇಲ್ಲವೋ ಎಂಬುದು ಅನೇಕ ವೇಳೆ ಈ ವ್ಯತ್ಯಾಸವನ್ನೇ ಅವಲಂಬಿಸಿದೆ.

ಪದಗಳ ಹುಟ್ಟು

‘ಫಾರ್ಫಿಟ್’ ಎಂಬ ಪದವು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಅದರ ಮೂಲ ಲ್ಯಾಟಿನ್ ರೂಪಕ್ಕೆ ‘ಮೇರೆಯ ಹೊರಗೆ ಮಾಡಿದ್ದು’ ಎಂದು ಅರ್ಥ. ಎಂದರೆ ಮೊದಲಿಗೆ ಈ ಪದವು ಅಪರಾಧವನ್ನೇ ಸೂಚಿಸುತ್ತಿತ್ತು. ಕಾಲಕ್ರಮದಲ್ಲಿ ಅಪರಾಧಕ್ಕೆ ವಿಧಿಸುವ ದಂಡಕ್ಕೂ, ಅನಂತರ ದಂಡವಾಗಿ ಕೈಬಿಟ್ಟುಹೋಗುವ ವಸ್ತುವಿಗೂ ಅದೇ ಹೆಸರು ನಿಂತಿತು. ಕನ್ನಡದಲ್ಲಿ ಬಳಕೆಯಲ್ಲಿರುವ ‘ಜುಲ್ಮಾನೆ’ಯ ಚರಿತ್ರೆಯೂ ಹೆಚ್ಚುಕಡಿಮೆ ಇದೇ ಬಗೆಯದು. ಅರಬ್ಬಿಯ ‘ಜುರ್ಮ್’ ಎಂದರೆ ಅಪರಾಧ. ಅದರಿಂದ ಪಾರಸಿಯಲ್ಲಿ ‘ಜುರ್ಮಾನಾ’. ಅದು ಕನ್ನಡಕ್ಕೆ ಬಂದು ‘ಜುಲ್ಮಾನೆ’ಯಾಯಿತು. ಎರಡು ದೂರದ ಭಾಷಾಕುಟುಂಬಗಳಲ್ಲಿ ತಪ್ಪಿನ ಹೆಸರೇ ತಪ್ಪಿಗೆ ತೆರುವ ಬೆಲೆಯ ಹೆಸರೂ ಆದದ್ದು ಕುತೂಹಲಕರವಾಗಿದೆ.

‘ದಂಡ’ ಎಂಬ ಸಂಸ್ಕೃತ ಪದದ ಹಾದಿ ಬೇರೆ. ಅದರ ಮೊದಲ ಅರ್ಥ ಕೋಲು. ಕೋಲು ಆಳುವವನ ಕೈಯಲ್ಲಿದ್ದುದರಿಂದ ಅದು ಅಧಿಕಾರದ ಚಿಹ್ನೆಯಾಯಿತು, ಶಿಕ್ಷೆಯಾಯಿತು, ಕೊನೆಗೆ ಶಿಕ್ಷೆಯಾಗಿ ತೆರುವ ಹಣವಾಯಿತು. ಕನ್ನಡಿಗರು ಅಷ್ಟಕ್ಕೇ ನಿಲ್ಲಲಿಲ್ಲ. ‘ದುಡ್ಡೆಲ್ಲ ದಂಡವಾಯಿತು’, ‘ಹೋದದ್ದು ದಂಡ’ ಎಂಬ ಮಾತುಗಳಲ್ಲಿ ಯಾವ ತಪ್ಪೂ ಇಲ್ಲ, ಯಾವ ನ್ಯಾಯಾಧೀಶನೂ ಇಲ್ಲ. ವ್ಯರ್ಥವಾಗಿ ಹೋದುದೆಲ್ಲ ದಂಡವೆನಿಸಿದೆ.

‘ಜಪ್ತಿ’ ಎಂಬುದು ಅರಬ್ಬಿಯ ‘ಜಬ್ತ್’ ಪದದಿಂದ, ಪಾರಸಿಯ ಆಡಳಿತ ಭಾಷೆಯ ಮೂಲಕ ಬಂದುದು. ಹಿಡಿತದಲ್ಲಿ ಇರಿಸಿಕೊಳ್ಳುವುದು ಎಂದು ಅದರ ತಿರುಳು. ಮರಾಠಿಯಲ್ಲೂ ಅದು ಅದೇ ರೂಪದಲ್ಲಿ ಇರುವುದರಿಂದ ಮುಂಬಯಿಯ ಕನ್ನಡಿಗರಿಗೆ ಅದು ಎರಡು ಕಡೆಯಿಂದಲೂ ಪರಿಚಿತ. ಅಚ್ಚಗನ್ನಡ ಪದವೆಂದರೆ ‘ಮುಟ್ಟುಗೋಲು’. ‘ಮುಟ್ಟು’, ‘ಕೋಲು’ ಎಂಬ ಎರಡು ಅಂಗಗಳು ಸೇರಿ, ಉತ್ತರಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬಂದ ರೂಪವಿದು. ಇದನ್ನು ‘ಹಾಕಿಕೊಳ್ಳು’ ಎಂಬ ಕ್ರಿಯಾಪದದೊಡನೆ ಬಳಸುವುದು ರೂಢಿ: ‘ಸರಕಾರವು ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು.’

ಈ ವಾಕ್ಯರಚನೆಯನ್ನು ಸ್ವಲ್ಪ ಗಮನಿಸಬೇಕು. ಇಂಗ್ಲಿಷಿನ ‘ಫಾರ್ಫಿಟ್’ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಕಳೆದುಕೊಂಡವನೇ ಕರ್ತೃ. ಅವನೇ ತನ್ನ ಠೇವಣಿಯನ್ನು ‘ಫಾರ್ಫಿಟ್ ಮಾಡಿದ’ ಎಂದು ಅಲ್ಲಿ ಹೇಳುತ್ತಾರೆ. ತಪ್ಪೂ ಅವನದು, ಬಿಟ್ಟದ್ದೂ ಅವನೇ ಎಂಬ ಧ್ವನಿ ಅದರಲ್ಲಿದೆ. ಕನ್ನಡದ ‘ಮುಟ್ಟುಗೋಲು ಹಾಕಿಕೊಳ್ಳು’ ಎಂಬುದಕ್ಕೆ ಕಸಿದುಕೊಂಡವನು ಕರ್ತೃ. ವಾಕ್ಯವನ್ನು ಪೂರ್ಣಗೊಳಿಸಬೇಕಾದರೆ ‘ಯಾರು ಹಾಕಿಕೊಂಡರು?’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಆ ಪ್ರಶ್ನೆಯ ಬೆನ್ನಿಗೇ ‘ಯಾವ ಅಧಿಕಾರದಿಂದ?’ ಎಂಬ ಎರಡನೆಯ ಪ್ರಶ್ನೆಯೂ ಏಳುತ್ತದೆ. ಕನ್ನಡ ಪದವು ಸಹಿ ಹಾಕುವವನಿಗೆ ಮಾಡುವ ಉಪಕಾರವೇ ಇದು.

ಕಸಿಯುವವರು ಯಾರೂ ಇಲ್ಲದೆ, ತನ್ನ ನಡತೆಯಿಂದಲೋ ಉದಾಸೀನದಿಂದಲೋ ಒಬ್ಬನು ತನ್ನದನ್ನು ಕಳೆದುಕೊಂಡರೆ ಅದಕ್ಕೂ ಕನ್ನಡದಲ್ಲಿ ಬೇರೆ ಮಾತಿದೆ: ‘ಎರವಾಗು’. ‘ಮಾನಕ್ಕೆ ಎರವಾದ’, ‘ವಿಶ್ವಾಸಕ್ಕೆ ಎರವಾದ’ ಎಂಬಲ್ಲಿ ಯಾವ ಅಧಿಕಾರಿಯೂ ಬಂದು ಮಾನವನ್ನು ಹೊತ್ತೊಯ್ದಿಲ್ಲ. ತಾನೇ ಮುಂದಾಗಿ ತಪ್ಪಿಗೆ ತೆತ್ತುಕೊಳ್ಳುವುದಕ್ಕೆ ಕರಾವಳಿಯವರ ‘ತಪ್ಪುಕಾಣಿಕೆ’ ಇದೆ. ದೇವರ ಮುಂದೆ ಇರಿಸುವ ಆ ಹಣವನ್ನು ಯಾರೂ ಜಪ್ತಿ ಮಾಡುವುದಿಲ್ಲ. ತಪ್ಪು ಮಾಡಿದವನ ಮನಸ್ಸೇ ಅದನ್ನು ಕೈಯಿಂದ ಬಿಡಿಸುತ್ತದೆ.

ವಶ, ಜಪ್ತಿ, ಮುಟ್ಟುಗೋಲು, ದಂಡ

ಪತ್ರಿಕೆಗಳಲ್ಲಿ ಈ ನಾಲ್ಕು ಪದಗಳು ಒಂದರ ಬದಲು ಇನ್ನೊಂದು ಬರುವುದುಂಟು. ಕಾನೂನಿನ ದೃಷ್ಟಿಯಲ್ಲಿ ಅವು ನಾಲ್ಕು ಬೇರೆ ಬೇರೆ ಮೆಟ್ಟಿಲುಗಳು.

ತನಿಖೆಗೆ ಬೇಕಾದ ವಸ್ತುವನ್ನು ಪೊಲೀಸರು ಎತ್ತಿಕೊಂಡು ಹೋದರೆ ಅದು ‘ವಶ’. ವಸ್ತುವಿನ ಮೇಲಣ ಒಡೆತನಕ್ಕೆ ಅದರಿಂದ ಧಕ್ಕೆಯಿಲ್ಲ. ಸಾಲ ಅಥವಾ ಬಾಕಿಯ ವಸೂಲಿಗಾಗಿ, ಇಲ್ಲವೆ ಮೊಕದ್ದಮೆ ತೀರುವವರೆಗೆ, ಆಸ್ತಿಯನ್ನು ಪರಭಾರೆ ಮಾಡದಂತೆ ತಡೆದು ಹಿಡಿದರೆ ಅದು ‘ಜಪ್ತಿ’. ಇಲ್ಲಿಯೂ ಒಡೆಯನು ಒಡೆಯನೇ. ಬಾಕಿ ತೀರಿದರೆ ಜಪ್ತಿ ತೆರವಾಗುತ್ತದೆ. ಒಡೆತನವೇ ಕೊನೆಗೊಂಡು ಆಸ್ತಿಯು ಸರಕಾರಕ್ಕೋ ಎದುರು ಪಕ್ಷಕ್ಕೋ ಸೇರಿಹೋದರೆ ಅದು ನಿಜವಾದ ಅರ್ಥದಲ್ಲಿ ‘ಮುಟ್ಟುಗೋಲು’. ‘ದಂಡ’ವೆಂಬುದು ನಿರ್ದಿಷ್ಟ ವಸ್ತುವನ್ನು ಕುರಿತದ್ದಲ್ಲ, ಇಷ್ಟು ರೂಪಾಯಿ ಎಂದು ವಿಧಿಸಿದ ಮೇಲೆ ಅದನ್ನು ಯಾವ ಹಣದಿಂದಲಾದರೂ ತೆರಬಹುದು.

ದಂಡ, ಮುಟ್ಟುಗೋಲು ಎರಡೂ ಬೇರೆ ಎಂಬುದಕ್ಕೆ ದೇಶದ ದಂಡಶಾಸನವೇ ಸಾಕ್ಷಿ. 1860ರ ಭಾರತೀಯ ದಂಡ ಸಂಹಿತೆಯು ತನ್ನ ಶಿಕ್ಷೆಗಳ ಪಟ್ಟಿಯಲ್ಲಿ ಆಸ್ತಿಯ ಮುಟ್ಟುಗೋಲನ್ನೂ ದಂಡವನ್ನೂ ಪ್ರತ್ಯೇಕವಾಗಿ ಹೆಸರಿಸಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಅವೆರಡನ್ನು ಬೇರೆಯಾಗಿಯೇ ಉಳಿಸಿಕೊಂಡು, ಸಮುದಾಯ ಸೇವೆಯೆಂಬ ಹೊಸ ಶಿಕ್ಷೆಯನ್ನು ಸೇರಿಸಿದೆ. ಪ್ರಾಚೀನ ಧರ್ಮಶಾಸ್ತ್ರಗಳಲ್ಲಿ ಇದ್ದ ‘ಸರ್ವಸ್ವಹರಣ’ವೆಂಬ ಕಠೋರ ಶಿಕ್ಷೆಯನ್ನು ನೆನೆದರೆ ಈ ವಿಭಾಗವು ಹೊಸದೇನಲ್ಲವೆಂದು ತಿಳಿಯುತ್ತದೆ.

ಜಪ್ತಿಯ ಕಥೆಗೆ ದೂರ ಹೋಗಬೇಕಾಗಿಲ್ಲ. ಪವಾಯಿಯ ನೆಲವೇ ಅದನ್ನು ಹೇಳುತ್ತದೆ. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಪವಾಯಿಯೂ ಸೇರಿದಂತೆ ಆರು ಹಳ್ಳಿಗಳನ್ನು ವರ್ಷಕ್ಕೆ 3,200 ರೂಪಾಯಿಗಳ ಗೇಣಿಗೆ ಡಾಕ್ಟರ್ ಸ್ಕಾಟ್ ಎಂಬಾತನಿಗೆ ವಹಿಸಿಕೊಟ್ಟಿತು. ಆತನು 1816ರಲ್ಲಿ ತೀರಿಕೊಂಡ ಮೇಲೆ ಕಂಪನಿಯ ಸರಕಾರ ಈ ಜಮೀನನ್ನು ಜಪ್ತಿ ಮಾಡಿತು. 1829ರಲ್ಲಿ ಅದು ಪಾರಸಿ ಗೃಹಸ್ಥರಾದ ಫ್ರಾಮಜಿ ಕಾವಸಜಿ ಬಾನಾಜಿ ಅವರಿಗೆ ಗೇಣಿಗೆ ದೊರೆಯಿತು. ಇಂದು ಕೆರೆಯ ದಂಡೆಯಲ್ಲಿ ಸಂಜೆಯ ಗಾಳಿಗೆ ನಡೆಯುವವರು ಒಂದು ಕಾಲದ ಜಪ್ತಿಯ ನೆಲದ ಮೇಲೆ ನಡೆಯುತ್ತಿದ್ದಾರೆಂದು ಹೇಳಬಹುದು.

ಅಂಕೋಲೆ, ಸಿದ್ದಾಪುರಗಳ ರೈತರು

ಮುಟ್ಟುಗೋಲು ಎಂಬ ಪದದ ಪೂರ್ಣ ಭಾರವನ್ನು ಹೊತ್ತವರು ಕನ್ನಡನಾಡಿನಲ್ಲಿ ಯಾರೆಂದು ಕೇಳಿದರೆ, ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರನ್ನು ಮೊದಲು ಹೆಸರಿಸಬೇಕು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟ ಈ ಜಿಲ್ಲೆಯು 1956ರವರೆಗೂ ಮುಂಬಯಿಗೆ ಸೇರಿತ್ತು. ಆದಕಾರಣ ಅಲ್ಲಿನ ಹೊಲಗದ್ದೆಗಳ ಭವಿಷ್ಯವು ಈ ನಗರದ ಕಚೇರಿಗಳಲ್ಲಿಯೇ ನಿರ್ಧಾರವಾಗುತ್ತಿತ್ತು. 1879ರ ಮುಂಬಯಿ ಭೂಕಂದಾಯ ಸಂಹಿತೆಯಂತೆ ಕಂದಾಯ ಬಾಕಿ ಉಳಿದರೆ ಜಮೀನಿನ ಹಿಡುವಳಿಯ ಹಕ್ಕನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕಲೆಕ್ಟರರಿಗಿತ್ತು.

1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲ ತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಹಿಂದೆಯೇ ಕರನಿರಾಕರಣೆಯ ಚಳುವಳಿ ಹಬ್ಬಿತು. ಅಂಕೋಲೆ, ಸಿದ್ದಾಪುರಗಳಲ್ಲಿಯೂ ಧಾರವಾಡ ಜಿಲ್ಲೆಗೆ ಆಗ ಸೇರಿದ್ದ ಹಿರೇಕೆರೂರಿನಲ್ಲಿಯೂ ರೈತರು ಕಂದಾಯ ಕೊಡುವುದಿಲ್ಲವೆಂದು ನಿಂತರು. ಸರಕಾರವು ಪಾತ್ರೆಪಗಡೆ, ದನಕರುಗಳನ್ನು ಜಪ್ತಿ ಮಾಡಿತು. ಅಷ್ಟಕ್ಕೂ ಬಗ್ಗದವರ ಜಮೀನನ್ನು ಮುಟ್ಟುಗೋಲು ಹಾಕಿಕೊಂಡು ಹರಾಜಿಗೆ ಇಟ್ಟಿತು. ತಲೆತಲಾಂತರದಿಂದ ಉತ್ತು ಬಿತ್ತಿದ ನೆಲವು ಕೆಲವೇ ರೂಪಾಯಿಗಳ ಬಾಕಿಗಾಗಿ ಬೇರೆಯವರ ಪಾಲಾಯಿತು.

1931ರ ಮಾರ್ಚ್ 5ರಂದು ಆದ ಗಾಂಧಿ–ಇರ್ವಿನ್ ಒಪ್ಪಂದದಲ್ಲಿ ಈ ಪದದ ಸೂಕ್ಷ್ಮವು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಮುಟ್ಟುಗೋಲಾಗಿಯೂ ಸರಕಾರದ ಕೈಯಲ್ಲೇ ಉಳಿದಿದ್ದ ಸ್ಥಿರಾಸ್ತಿಯನ್ನು ಮರಳಿಸುವುದಕ್ಕೆ ಅದರಲ್ಲಿ ಅವಕಾಶವಿತ್ತು. ಆದರೆ ಮೂರನೆಯವರಿಗೆ ಮಾರಿಹೋಗಿದ್ದ ಜಮೀನಿನ ಮಟ್ಟಿಗೆ, ಸರಕಾರದ ದೃಷ್ಟಿಯಲ್ಲಿ ಆ ವ್ಯವಹಾರ ಮುಗಿದುಹೋದದ್ದೆಂದೇ ಎಣಿಸತಕ್ಕದ್ದೆಂದು ನಿರ್ಧಾರವಾಯಿತು. ಒಂದೇ ತಪ್ಪು, ಒಂದೇ ಶಿಕ್ಷೆ. ಆದರೂ ಹರಾಜಿನ ಸುತ್ತಿಗೆ ಬಿದ್ದಿತೋ ಇಲ್ಲವೋ ಎಂಬುದರ ಮೇಲೆ ಒಬ್ಬನ ಗದ್ದೆ ಬಂದಿತು, ಇನ್ನೊಬ್ಬನದು ಬರಲಿಲ್ಲ.

1932ರಲ್ಲಿ ಚಳುವಳಿ ಮತ್ತೆ ಮೊದಲಾದಾಗ ಸಿದ್ದಾಪುರ ತಾಲೂಕಿನ ಹೆಂಗಸರು ಅಪೂರ್ವವಾದ ಮಾರ್ಗವೊಂದನ್ನು ಹಿಡಿದರು. ಹರಾಜಿನಲ್ಲಿ ನೆರೆಯವರ ಆಸ್ತಿಯನ್ನು ಕೊಂಡವರ ಮನೆಯ ಬಾಗಿಲಲ್ಲಿ ಉಪವಾಸ ಕುಳಿತರು. ಸರಕಾರದ ಕಾಗದದಲ್ಲಿ ಒಡೆತನ ಬದಲಾಗಿದ್ದರೂ ಊರಿನ ನ್ಯಾಯದಲ್ಲಿ ಅದು ಬದಲಾಗಿಲ್ಲವೆಂಬುದೇ ಆ ಉಪವಾಸದ ಅರ್ಥವಾಗಿತ್ತು. ಮಾವಿನಗುಂಡಿಯಲ್ಲಿರುವ ಸ್ಮಾರಕವು ಇಂದಿಗೂ ಆ ತಾಯಂದಿರನ್ನು ನೆನಪಿಸುತ್ತಿದೆ.

1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಮರುವರ್ಷ, 1938ರಲ್ಲಿ, ಮುಟ್ಟುಗೋಲಾದ ಜಮೀನುಗಳನ್ನು ಮೂಲ ಹಿಡುವಳಿದಾರರಿಗೆ ಮರಳಿಸುವುದಕ್ಕಾಗಿಯೇ ಮುಂಬಯಿಯ ಶಾಸನಸಭೆಯು ಪ್ರತ್ಯೇಕ ಕಾಯಿದೆಯೊಂದನ್ನು ಮಾಡಿತು. ಕಸಿದುಕೊಂಡ ನಗರವೇ ಮರಳಿ ಕೊಟ್ಟಿತು. ಆ ರೈತರು ಜಮೀನನ್ನು ‘ಫಾರ್ಫಿಟ್ ಮಾಡಿದರು’ ಎಂದು ಇಂಗ್ಲಿಷಿನ ದಫ್ತರದಲ್ಲಿ ಬರೆದಿದ್ದರೆ ಅದು ವ್ಯಾಕರಣದ ದೃಷ್ಟಿಯಿಂದ ಸರಿಯಿರಬಹುದು. ಕನ್ನಡದಲ್ಲಿ ಮಾತ್ರ, ಅವರ ಜಮೀನನ್ನು ಸರಕಾರ ಮುಟ್ಟುಗೋಲು ಹಾಕಿಕೊಂಡಿತೆಂದೇ ಹೇಳಬೇಕು. ಹಕ್ಕಿಗೆ ಅವರು ಎಂದೂ ಎರವಾಗಿರಲಿಲ್ಲ.

ಚುನಾವಣೆಯ ಠೇವಣಿ

ಜನಸಾಮಾನ್ಯರ ಬಾಯಲ್ಲಿ ಈ ವಿಚಾರವು ಹೆಚ್ಚಾಗಿ ಬರುವುದು ಚುನಾವಣೆಯ ಕಾಲದಲ್ಲಿ. ‘ಠೇವಣಿ ಕಳೆದುಕೊಂಡರು’ ಎಂಬ ಮಾತು ಸೋಲಿಗಿಂತಲೂ ಹೆಚ್ಚಿನ ಅವಮಾನವನ್ನು ಸೂಚಿಸುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯಿದೆಯಂತೆ ಅಭ್ಯರ್ಥಿಯು ನಾಮಪತ್ರದೊಡನೆ ಠೇವಣಿ ಇರಿಸಬೇಕು. ಮೊದಲಲ್ಲಿ ಲೋಕಸಭೆಗೆ 500 ರೂಪಾಯಿ, ವಿಧಾನಸಭೆಗೆ 250 ರೂಪಾಯಿ ಇದ್ದ ಈ ಮೊತ್ತವು ಈಗ ಕ್ರಮವಾಗಿ 25,000 ಮತ್ತು 10,000 ರೂಪಾಯಿಗಳಾಗಿದೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದ ಅಭ್ಯರ್ಥಿಗಳಿಗೆ ಇದರ ಅರ್ಧ. ಗೆಲ್ಲದ ಅಭ್ಯರ್ಥಿಯು ಪಡೆದ ಮತಗಳು ಒಟ್ಟು ಸಿಂಧು ಮತಗಳ ಆರನೆಯ ಒಂದು ಭಾಗವನ್ನು ಮೀರದಿದ್ದರೆ ಠೇವಣಿ ಸರಕಾರಕ್ಕೆ ಸೇರುತ್ತದೆ. ‘ಮೀರಬೇಕು’ ಎಂಬುದು ಇಲ್ಲಿ ಮುಖ್ಯ. ಸರಿಯಾಗಿ ಆರನೆಯ ಒಂದು ಭಾಗ ಬಂದರೂ ಠೇವಣಿ ಹೋಗುತ್ತದೆ. ಬಹುಕೋನ ಸ್ಪರ್ಧೆಯಲ್ಲಿ ಅದಕ್ಕಿಂತ ಕಡಿಮೆ ಮತ ಪಡೆದೂ ಗೆದ್ದವನಿಗೆ ಮಾತ್ರ ಅದು ಮರಳುತ್ತದೆ.

ಇಲ್ಲಿ ಅಭ್ಯರ್ಥಿಯು ಅಪರಾಧವನ್ನೇನೂ ಮಾಡಿಲ್ಲ. ಆದುದರಿಂದ ಇದನ್ನು ದಂಡವೆನ್ನುವುದು ಸರಿಯಲ್ಲ. ಮೊದಲೇ ತಿಳಿದು ಒಪ್ಪಿಕೊಂಡ ಷರತ್ತೊಂದು ಈಡೇರದೆ ಹೋದುದರಿಂದ ಆದ ನಷ್ಟವಿದು. ಪತ್ರಿಕೆಗಳು ‘ಠೇವಣಿ ನಷ್ಟ’ ಎಂದು ಬರೆಯುವಾಗ ಅರಿತೋ ಅರಿಯದೆಯೋ ಸರಿಯಾದ ಮಾತನ್ನೇ ಬಳಸುತ್ತವೆ.

ಸಂಚಕಾರ ಮತ್ತು ಕರಾರು

ವ್ಯಾಪಾರವನ್ನು ಕುದುರಿಸುವಾಗ ಮುಂಗಡವಾಗಿ ಕೊಡುವ ಹಣಕ್ಕೆ ಕನ್ನಡದಲ್ಲಿ ‘ಸಂಚಕಾರ’ವೆಂಬ ಹೆಸರಿದೆ. ಇದು ಸಂಸ್ಕೃತದ ‘ಸತ್ಯಂಕಾರ’ದ ತದ್ಭವ, ಮಾತನ್ನು ಸತ್ಯವಾಗಿಸುವುದು ಎಂಬುದು ಅದರ ತಾತ್ಪರ್ಯ. ಕೊಳ್ಳುವವನು ಮಾತಿಗೆ ತಪ್ಪಿದರೆ ಸಂಚಕಾರದ ಹಣ ಹೋಯಿತೆಂಬುದು ಹಿಂದಿನಿಂದ ಬಂದ ಪದ್ಧತಿ. ‘ಪ್ರಾಣಕ್ಕೆ ಸಂಚಕಾರ’, ‘ಆರೋಗ್ಯಕ್ಕೆ ಸಂಚಕಾರ’ ಎಂಬ ಮಾತುಗಳಲ್ಲಿ ಅದೇ ಪದವು ಅಪಾಯದ ಅರ್ಥದಲ್ಲಿ ಬಳಕೆಯಾಗುತ್ತಿರುವುದು ಭಾಷೆಯ ಒಂದು ಸೋಜಿಗ. ಮಾತನ್ನು ಗಟ್ಟಿಮಾಡಲು ಹುಟ್ಟಿದ ಪದವು ಕೈಬಿಟ್ಟುಹೋಗುವ ಭಯವನ್ನು ಸೂಚಿಸುವಂತಾಗಿದೆ.

ಸಂಚಕಾರವನ್ನು ಉಳಿಸಿಕೊಳ್ಳುವ ಹಕ್ಕಿಗೂ ಒಂದು ಮೇರೆಯಿದೆ. 1872ರ ಭಾರತೀಯ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಕರಾರು ಮುರಿದರೆ ಇಷ್ಟು ಮೊತ್ತವೆಂದು ಬರೆದಿದ್ದರೂ ಆ ಮೊತ್ತವು ಗರಿಷ್ಠ ಮಿತಿ ಮಾತ್ರ. ನೊಂದ ಪಕ್ಷಕ್ಕೆ ದೊರೆಯತಕ್ಕದ್ದು ನ್ಯಾಯವಾದ ಪರಿಹಾರವಷ್ಟೇ. ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ತೀರ್ಮಾನಿಸಿದ ಮೌಲಾ ಬಕ್ಷ್ ಮೊಕದ್ದಮೆಯು ಇದಕ್ಕೆ ಒಳ್ಳೆಯ ನಿದರ್ಶನ. ಆತನು ಸೈನ್ಯಕ್ಕೆ ಆಲೂಗಡ್ಡೆಯನ್ನೂ, ಕೋಳಿ, ಮೊಟ್ಟೆ, ಮೀನುಗಳನ್ನೂ ಒದಗಿಸುವ ಎರಡು ಗುತ್ತಿಗೆಗಳನ್ನು ಹಿಡಿದು, ಒಂದಕ್ಕೆ 10,000 ರೂಪಾಯಿ, ಇನ್ನೊಂದಕ್ಕೆ 8,500 ರೂಪಾಯಿ ಠೇವಣಿ ಇರಿಸಿದ್ದನು. ಸರಿಯಾಗಿ ಒದಗಿಸದೆ ಹೋದುದಕ್ಕಾಗಿ ಸರಕಾರವು ಠೇವಣಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಆಲೂಗಡ್ಡೆ, ಮೊಟ್ಟೆಗಳನ್ನು ಪೇಟೆಯಲ್ಲಿ ಬೇರೆ ಕಡೆ ಕೊಂಡಾಗ ಎಷ್ಟು ನಷ್ಟವಾಯಿತೆಂದು ಸುಲಭವಾಗಿ ಲೆಕ್ಕ ಕೊಡಬಹುದಿತ್ತು; ಸರಕಾರ ಆ ಲೆಕ್ಕವನ್ನು ಕೊಡಲಿಲ್ಲ. ಆದಕಾರಣ ನಷ್ಟವನ್ನು ಸಿದ್ಧಪಡಿಸದೆ ಠೇವಣಿಯನ್ನು ಉಳಿಸಿಕೊಳ್ಳುವಂತಿಲ್ಲವೆಂದು ತೀರ್ಪಾಯಿತು. ಕ್ರಯದ ಮಾತಿಗೆ ಕೊಟ್ಟ ನ್ಯಾಯವಾದ ಸಂಚಕಾರ ಬೇರೆ, ಭದ್ರತೆಗೆಂದು ಇರಿಸಿದ ಠೇವಣಿ ಬೇರೆ ಎಂಬುದೂ ಅದರಿಂದ ಸ್ಪಷ್ಟವಾಯಿತು.

ಈ ತತ್ತ್ವವು ಮುಂಬಯಿಯ ಫ್ಲ್ಯಾಟು ಕೊಳ್ಳುವವರಿಗೆ ನೇರವಾಗಿ ಸಂಬಂಧಿಸಿದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, ಮಾರಾಟದ ಕರಾರನ್ನು ಬರೆದು ನೋಂದಾಯಿಸದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡವನ್ನು ಕಟ್ಟಡದವರು ಪಡೆಯತಕ್ಕದ್ದಲ್ಲ. 2025ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಫ್ಲ್ಯಾಟನ್ನು ಬಿಟ್ಟುಕೊಟ್ಟ ಗಿರಾಕಿಯಿಂದ ಶೇಕಡ 20ನ್ನು ಹಿಡಿದುಕೊಳ್ಳುವ ಏಕಪಕ್ಷೀಯ ಕರಾರನ್ನು ಒಪ್ಪದೆ, ಶೇಕಡ 10ನ್ನು ಮಾತ್ರ ಹಿಡಿದುಕೊಳ್ಳಬೇಕೆಂಬ ಗ್ರಾಹಕ ಆಯೋಗದ ನಿಲುವನ್ನು ಎತ್ತಿಹಿಡಿಯಿತು. ಸಹಿ ಹಾಕಿದ ಮೇಲೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವ ಅವಶ್ಯಕತೆಯಿಲ್ಲ.

ಬಾಡಿಗೆಯ ಮನೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಈ ನಗರದಲ್ಲಿ ಪ್ರಚಾರದಲ್ಲಿರುವ ಲೀವ್ ಅಂಡ್ ಲೈಸೆನ್ಸ್ ಕರಾರನ್ನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ಬರೆದು ನೋಂದಾಯಿಸಲೇಬೇಕು. ನೋಂದಾಯಿಸುವ ಹೊಣೆ ಮನೆಯ ಮಾಲಿಕರದು. ಅವಧಿ ಮುಗಿದರೂ ಮನೆ ಬಿಡದವನು ಬಾಡಿಗೆಯ ಎರಡರಷ್ಟನ್ನು ತೆರಬೇಕಾದೀತು. ಗಡುವಿಗೆ ಮೊದಲೇ ಬಿಟ್ಟರೆ ಠೇವಣಿಯಲ್ಲಿ ಎಷ್ಟು ಕಳೆಯತಕ್ಕದ್ದೆಂಬುದನ್ನು ಸಹಿಗೆ ಮೊದಲು ಅಂಕೆಗಳಲ್ಲಿ ಬರೆಯಿಸಿಕೊಳ್ಳುವುದು ಜಾಣತನ. ಗಿರವಿಯ ಚಿನ್ನವೂ ಗಡುವು ಮೀರಿದ ಕ್ಷಣವೇ ಸಾಲಿಗನ ಸೊತ್ತಾಗುವುದಿಲ್ಲ. ಕರಾರು ಕಾಯಿದೆಯ 176ನೆಯ ಕಲಮಿನಂತೆ ಮಾರುವ ಮೊದಲು ಒಡೆಯನಿಗೆ ತಕ್ಕ ನೋಟೀಸು ಕೊಡಬೇಕು. ಮಾರಿ ಬಂದ ಹಣವು ಬಾಕಿಗಿಂತ ಹೆಚ್ಚಾದರೆ ಹೆಚ್ಚಾದುದನ್ನು ಅವನಿಗೆ ಮರಳಿಸಬೇಕು.

ಪವಾಯಿಯ ಇತ್ತೀಚಿನ ಚರಿತ್ರೆಯಲ್ಲಿಯೂ ಷರತ್ತು ಮುರಿದುದರ ಪ್ರಸಂಗವೊಂದಿದೆ. 1986ರಲ್ಲಿ ರಾಜ್ಯ ಸರಕಾರ, ಮಹಾನಗರ ಅಭಿವೃದ್ಧಿ ಪ್ರಾಧಿಕಾರ ಮತ್ತು ಜಮೀನಿನ ಪಕ್ಷದವರ ನಡುವೆ ಆದ ತ್ರಿಪಕ್ಷೀಯ ಒಪ್ಪಂದದಂತೆ, ಇಲ್ಲಿನ ವಿಶಾಲವಾದ ನೆಲವನ್ನು ನಾಮಮಾತ್ರದ ಗೇಣಿಗೆ ಕೊಟ್ಟು, ಅದರಲ್ಲಿ 40 ಮತ್ತು 80 ಚದರ ಮೀಟರುಗಳ ಸಣ್ಣ ಮನೆಗಳನ್ನು ಕಟ್ಟಬೇಕೆಂದು ವಿಧಿಸಲಾಗಿತ್ತು. ಅದರಂತೆ ನಡೆಯಲಿಲ್ಲವೆಂಬ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಗಳ ಮೇಲೆ 2012ರ ಫೆಬ್ರುವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆಜ್ಞೆಯಿತ್ತಿತು: ಸಣ್ಣ ಮನೆಗಳನ್ನು ಮೊದಲು ಕಟ್ಟತಕ್ಕದ್ದು, ಅನಂತರವೇ ಬೇರೆ ಕಟ್ಟಡ. ನೆಲವನ್ನು ಕಸಿಯುವುದಕ್ಕಿಂತ ಕೊಟ್ಟ ಮಾತನ್ನು ನಡೆಸಿಕೊಡುವಂತೆ ಮಾಡುವುದೇ ಲೇಸೆಂಬ ವಿವೇಕ ಇದರಲ್ಲಿ ಕಾಣುತ್ತದೆ. ಸಣ್ಣ ಸಂಬಳದವನಿಗೆ ಬೇಕಾದದ್ದು ಇತರರ ಆಸ್ತಿಯ ಮುಟ್ಟುಗೋಲಲ್ಲ. ತಲೆಯ ಮೇಲೊಂದು ಸೂರು.

ಜಪ್ತಿಯ ಕೈಗೆ ಸಿಗದವು

ಎಲ್ಲವನ್ನೂ ಕಸಿಯುವ ಅಧಿಕಾರ ಯಾರಿಗೂ ಇಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ಓದಿದರೆ, ಶುಷ್ಕವಾದ ಕಾನೂನಿನೊಳಗೂ ಸಂಸಾರವನ್ನು ಬಲ್ಲ ಮನಸ್ಸೊಂದಿದೆ ಎನಿಸುತ್ತದೆ. ಸಾಲದ ಡಿಕ್ರಿಯ ಜಾರಿಗಾಗಿ ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆಗಳನ್ನೂ, ಅಡುಗೆಯ ಪಾತ್ರೆಗಳನ್ನೂ, ಹಾಸಿಗೆ ಹೊದಿಕೆಗಳನ್ನೂ ಜಪ್ತಿ ಮಾಡುವಂತಿಲ್ಲ. ಧಾರ್ಮಿಕ ಸಂಪ್ರದಾಯದಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆಯನ್ನು ಮುಟ್ಟುವಂತಿಲ್ಲ. ಕುಶಲಕರ್ಮಿಯ ಉಪಕರಣಗಳನ್ನೂ, ಒಕ್ಕಲಿಗನ ನೇಗಿಲು, ಜೀವನೋಪಾಯಕ್ಕೆ ಬೇಕಾದ ದನ ಮತ್ತು ಬಿತ್ತನೆಯ ಬೀಜಗಳನ್ನೂ ತೆಗೆದುಕೊಳ್ಳುವಂತಿಲ್ಲ. ಪಿಂಚಣಿ, ಭವಿಷ್ಯನಿಧಿ, ಜೀವವಿಮೆಯ ಹಣಗಳಿಗೂ ರಕ್ಷಣೆಯಿದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಭಾಗ ಸಾಮಾನ್ಯವಾಗಿ ಸಾಲಗಾರನಲ್ಲೇ ಉಳಿಯತಕ್ಕದ್ದು.

ಅಡುಗೆಯ ಪಾತ್ರೆಯನ್ನೂ ಬಿತ್ತನೆಯ ಬೀಜವನ್ನೂ ಬಿಟ್ಟುಬಿಡಬೇಕೆಂಬ ಈ ನಿಯಮದ ಹಿಂದಿನ ಆಶಯ ಸರಳವಾದುದು. ಮನುಷ್ಯನು ತಪ್ಪಿಗೆ ಬೆಲೆ ತೆರಲಿ. ಆದರೆ ಮತ್ತೆ ಎದ್ದು ನಿಲ್ಲುವ ಸಾಧನವನ್ನು ಕಳೆದುಕೊಳ್ಳದಿರಲಿ. 1978ರ 44ನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಬಂದ 300ಎ ಅನುಚ್ಛೇದವೂ, ಕಾನೂನಿನ ಅಧಿಕಾರವಿಲ್ಲದೆ ಯಾರನ್ನೂ ಆಸ್ತಿಯಿಂದ ವಂಚಿಸಬಾರದೆಂದು ಸಾರುತ್ತದೆ. ‘ಯಾವ ಅಧಿಕಾರದಿಂದ?’ ಎಂದು ಕನ್ನಡದ ಪದವು ಎಬ್ಬಿಸುವ ಪ್ರಶ್ನೆಗೆ ಸಂವಿಧಾನವೇ ಬೆಂಬಲವಾಗಿ ನಿಂತಿದೆ.

ಆರೋಗ್ಯದ ವಿಮೆ ಮತ್ತು ಎರವಾಗುವಿಕೆ

ಕಸಿಯುವವನಿಲ್ಲದೆ ಕಳೆದುಹೋಗುವ ಹಕ್ಕುಗಳು ಇವುಗಳಿಗಿಂತಲೂ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ. ಆಸ್ಪತ್ರೆಯ ವೆಚ್ಚ ಏರಿರುವ ಈ ಕಾಲದಲ್ಲಿ ಆರೋಗ್ಯ ವಿಮೆಯು ಅನೇಕ ಸಂಸಾರಗಳ ಆಧಾರವಾಗಿದೆ. ಹಿಂದಿನಿಂದ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ವಿಮೆಯ ರಕ್ಷಣೆ ದೊರೆಯಲು ಕಾಯಬೇಕಾದ ಅವಧಿಯು 2024ರ ನಿಯಮಗಳಂತೆ 36 ತಿಂಗಳುಗಳನ್ನು ಮೀರುವಂತಿಲ್ಲ. ಎಡೆಬಿಡದೆ 60 ತಿಂಗಳು ವಿಮೆಯನ್ನು ನಡೆಸಿಕೊಂಡು ಬಂದವರ ಕ್ಲೇಮನ್ನು, ವಂಚನೆಯನ್ನು ಸಿದ್ಧಪಡಿಸಿದ ಹೊರತು, ಹಿಂದೆ ಏನನ್ನೋ ತಿಳಿಸಲಿಲ್ಲವೆಂಬ ನೆವದಿಂದ ತಳ್ಳಿಹಾಕುವಂತಿಲ್ಲ.

ವರ್ಷಗಳ ಕಾಲ ಕಂತು ಕಟ್ಟಿ ಗಳಿಸಿದ ಈ ಹಕ್ಕು ಒಂದು ಮರೆವಿನಿಂದ ಹೋಗಬಹುದು. ತಿಂಗಳ ಕಂತಿನವರಿಗೆ 15 ದಿನ, ಉಳಿದವರಿಗೆ 30 ದಿನಗಳ ಹೆಚ್ಚಿನ ಗಡುವಿದೆ. ಅದನ್ನೂ ಮೀರಿದರೆ ವಿಮೆ ತಪ್ಪಿಹೋಗುತ್ತದೆ. ಕಾದ ತಿಂಗಳುಗಳ ಲೆಕ್ಕವೂ ಅದರೊಡನೆ ಹೋಗಬಹುದು. ಊರಿನ ಜಾತ್ರೆಗೋ ಮದುವೆಗೋ ಹೋದ ತಿಂಗಳಿನಲ್ಲಿ ನವೀಕರಣದ ದಿನ ದಾಟಿಹೋಗುವುದು ಅಸಂಭವವೇನಲ್ಲ. ಇಲ್ಲಿ ಯಾರೂ ಬಂದು ಏನನ್ನೂ ಮುಟ್ಟುಗೋಲು ಹಾಕಿಕೊಳ್ಳುವುದಿಲ್ಲ. ಮನೆಯ ಯಜಮಾನನು ತನ್ನ ಹಕ್ಕಿಗೆ ತಾನೇ ಎರವಾಗುತ್ತಾನೆ. ಇಂತಹ ನಷ್ಟಕ್ಕೆ ಮೇಲ್ಮನವಿ ಸಲ್ಲಿಸಲು ನ್ಯಾಯಾಲಯವೂ ಇರುವುದಿಲ್ಲ. ಆದುದರಿಂದ ನವೀಕರಣದ ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ, ಹಬ್ಬದ ದಿನಗಳ ಜೊತೆಯಲ್ಲೇ, ಗುರುತು ಹಾಕಿಡುವುದು ಕ್ಷೇಮ.

ಬಳಕೆಯ ಕ್ರಮ

ಇಷ್ಟನ್ನು ವಿಚಾರಿಸಿದ ಮೇಲೆ ಪದಗಳ ಬಳಕೆಯನ್ನು ಹೀಗೆ ಸಂಗ್ರಹಿಸಬಹುದು. ಒಡೆತನ ಉಳಿದು, ಕೈ ಮಾತ್ರ ಕಟ್ಟಿದಾಗ ‘ಜಪ್ತಿ’ ಎನ್ನಬೇಕು. ಅಧಿಕಾರವುಳ್ಳವರು ಒಡೆತನವನ್ನೇ ಕಸಿದುಕೊಂಡಾಗ ‘ಮುಟ್ಟುಗೋಲು ಹಾಕಿಕೊಂಡರು’ ಎನ್ನಬೇಕು. ತಪ್ಪಿಗಾಗಿ ಹಣ ಕಟ್ಟಿದಾಗ ‘ದಂಡ ತೆತ್ತರು’ ಎನ್ನಬೇಕು. ಒಪ್ಪಿದ ಷರತ್ತು ಈಡೇರದೆ ಇರಿಸಿದ್ದ ಹಣ ಹೋದಾಗ ‘ಠೇವಣಿ ಕಳೆದುಕೊಂಡರು’ ಎಂಬ ಮಾತು ಒಪ್ಪುತ್ತದೆ. ತನ್ನ ಉಪೇಕ್ಷೆಯಿಂದ ಹಕ್ಕು ಹೋದಾಗ ‘ಹಕ್ಕಿಗೆ ಎರವಾದರು’ ಎಂಬುದು ಸರಿಯಾದ ಪ್ರಯೋಗ.

ಇಂಗ್ಲಿಷ್ ಕರಾರಿನಲ್ಲಿ ‘ಫಾರ್ಫಿಟ್’ ಎಂಬ ಪದ ಕಂಡಾಗಲೆಲ್ಲ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಈ ಐದರಲ್ಲಿ ಯಾವುದೆಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ. ಯಾರು ತೆಗೆದುಕೊಳ್ಳುವರು, ಯಾವ ಅಧಿಕಾರದಿಂದ, ಎಷ್ಟು ನಷ್ಟಕ್ಕೆ ಎಷ್ಟು, ಮರಳಿ ಪಡೆಯುವ ದಾರಿ ಯಾವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಸಹಿ ಹಾಕಿದರೆ ಸಾಕು. ತಾಯ್ನುಡಿಯನ್ನು ಪರಸ್ಥಳದಲ್ಲಿ ಉಳಿಸಿಕೊಳ್ಳಬೇಕೆಂದು ವಾರ್ಷಿಕೋತ್ಸವಗಳಲ್ಲಿ ಹೇಳುವುದುಂಟು. ಆ ನುಡಿಯು ಹಾಡು ನಾಟಕಗಳಿಗಷ್ಟೇ ಅಲ್ಲ, ಬಾಡಿಗೆಯ ಕರಾರಿಗೂ ವಿಮೆಯ ಪತ್ರಕ್ಕೂ ಉಪಯೋಗಕ್ಕೆ ಬರುತ್ತದೆಂಬುದನ್ನು ‘ಮುಟ್ಟುಗೋಲು’ ಎಂಬ ಈ ಹಳೆಯ ಪದವು ತೋರಿಸಿಕೊಡುತ್ತದೆ.